ಇದಾದ ಮೇಲೆ ಅದು

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ಅಕ್ಕ ಬೂಟು ಹಾಕಿಕೊಂಡು, ಕಾಲುಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅಳಲಿಲ್ಲ, ಸಿಡುಕಲಿಲ್ಲ. ಒಮ್ಮೆ ಬೂಟನ್ನು, ಒಮ್ಮೆ ಕಾಲುಚೀಲವನ್ನು ನೋಡುತ್ತಿದ್ದಳು, ಯಾರೂ ಪರಿಚಯ ಮಾಡಿಕೊಡದ ಇಬ್ಬರು ಅತಿಥಿಗಳನ್ನು ನೋಡುವಂತೆ. ನಾನು ಬಗ್ಗಿ ಬೂಟು ಬಿಚ್ಚಿ, ಕಾಲುಚೀಲ ತೊಡಿಸಿ, ಮತ್ತೆ ಬೂಟು ಹಾಕಿದೆ. ನಾಲ್ಕು ನಿಮಿಷ ಹಿಡಿಯಿತು.

ಆಸ್ಪತ್ರೆಯಿಂದ ನನ್ನ ಮನೆಗೆ ಬಂದು ಇವತ್ತಿಗೆ ಹತ್ತೊಂಬತ್ತು ದಿನ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಜಾಗ ಒಂದು ಬಟಾಣಿಯಷ್ಟು ಎಂದಿದ್ದರು ಡಾಕ್ಟರು. ಮಾತು ಸರಿಯಿದೆ. ಎರಡೂ ಕೈ ಆಡುತ್ತವೆ. ಹೆಸರು, ಮುಖ, ನನ್ನ ಹಳೆಯ ತಪ್ಪುಗಳು ಎಲ್ಲ ನೆನಪಿವೆ. ಹೋಗಿರುವುದು ಒಂದೇ: ಯಾವುದಾದ ಮೇಲೆ ಯಾವುದು ಎನ್ನುವುದು.

ನನ್ನ ಹೊಟ್ಟೆಪಾಡೂ ಅದೇ. ಮಾಡಬೇಕಾದ ಕೆಲಸಗಳ ಪಟ್ಟಿ ಇಟ್ಟುಕೊಳ್ಳುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಯಲ್ಲಿ ನಾನು ಪರೀಕ್ಷಕ. ಈ ತಿಂಗಳು ಹೊಸದೊಂದು ಸೌಲಭ್ಯವನ್ನು ನೋಡುತ್ತಿದ್ದೇನೆ: ಎರಡು ಕೆಲಸಗಳ ನಡುವೆ ಬಾಣ ಎಳೆಯಬಹುದು. ಬಾಣದ ಬುಡದಲ್ಲಿರುವ ಕೆಲಸ ಮುಗಿಯಿತೆಂದು ಗುರುತು ಹಾಕುವವರೆಗೆ ತುದಿಯಲ್ಲಿರುವ ಕೆಲಸ ಬೂದು ಬಣ್ಣದಲ್ಲಿರುತ್ತದೆ. ಒತ್ತಿದರೂ ತೆರೆಯುವುದಿಲ್ಲ. ದೊಡ್ಡ ಕೆಲಸದ ಹೊಟ್ಟೆಯಲ್ಲಿ ಚಿಕ್ಕ ಕೆಲಸ, ಅದರ ಹೊಟ್ಟೆಯಲ್ಲಿ ಇನ್ನೂ ಚಿಕ್ಕದು. ನನ್ನ ಸ್ವಂತ ಪಟ್ಟಿಯೂ ಅದರಲ್ಲೇ ಇದೆ. ಹಲ್ಲಿನ ಡಾಕ್ಟರು, ಕಿಟಕಿಯ ಮುರಿದ ಚಿಲಕ, ಊರು ಬಿಟ್ಟು ಹೋದ ಗೆಳೆಯನಿಗೆ ಫೋನ್, ಹೀಗೆ ಅರವತ್ಮೂರು ಕೆಲಸಗಳು. ಎಲ್ಲಕ್ಕೂ ಒಂದೇ ಬುಡ: ‘ಅಕ್ಕ ಹುಷಾರಾಗುವುದು’. ಅರವತ್ಮೂರೂ ಬೂದು. ನೋಡಲು ಅಚ್ಚುಕಟ್ಟಾಗಿದೆ.

ಫೆಬ್ರವರಿ 11, ಬುಧವಾರ

ಗ್ರಂಥಾಲಯದಿಂದ ಪತ್ರ ಬಂತು. ಅಕ್ಕ ಅಲ್ಲಿ ಪುಸ್ತಕ ಬೈಂಡ್ ಮಾಡುವವಳು. ಹರಿದು ಬಂದದ್ದನ್ನೆಲ್ಲ ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಕಪಾಟಿಗೆ ಕಳಿಸುವುದು ಅವಳ ಕೆಲಸ. ಪತ್ರದ ಸಾರ ಇಷ್ಟು: ಮಾರ್ಚ್ 19ರಂದು ಒಂದು ಪುಸ್ತಕವನ್ನು ಇನ್ನೊಬ್ಬರ ಸಹಾಯವಿಲ್ಲದೆ ಕಟ್ಟಿ ತೋರಿಸಬೇಕು. ಅದು ಸಾಧ್ಯವಾದರೆ ಬೈಂಡಿಂಗ್ ಕೋಣೆ ಅವಳದೇ. ಆಗದಿದ್ದರೆ ಕೌಂಟರಿನಲ್ಲಿ ಸೀಲು ಹಾಕುವ ಕೆಲಸ. ಗ್ರಂಥಪಾಲಕರು ಒಳ್ಳೆಯ ಮನುಷ್ಯ, ಪತ್ರದಲ್ಲಿ ‘ದಯವಿಟ್ಟು’ ಎಂದು ಮೂರು ಸಲ ಬರೆದಿದ್ದರು.

ಅಕ್ಕ ಓದಿ ಮಡಚಿಟ್ಟಳು. “ಮೂವತ್ತೊಂದು ವರ್ಷ ಆ ಮೇಜಿನ ಮುಂದೆ ನಿಂತಿದೀನಿ. ಕೌಂಟರಲ್ಲಿ ಕೂತು ಠಪ್ ಠಪ್ ಅನ್ನಿಸೋದಾದ್ರೆ ಮನೇಲೇ ಇದ್ದು ಸೊಳ್ಳೆ ಹೊಡೀತೀನಿ.”

ನನಗೊಂದು ಉಪಾಯ ಹೊಳೆಯಿತು. ಬೈಂಡಿಂಗ್ ಕೆಲಸವನ್ನು ಇಡಿಯಾಗಿ ನಮ್ಮ ಸಾಫ್ಟ್‌ವೇರಿಗೆ ತುಂಬುವುದು. ಒಂದು ಮುಗಿದರೆ ಮಾತ್ರ ಇನ್ನೊಂದು ತೆರೆಯಬೇಕು. ತಪ್ಪುವುದಕ್ಕೆ ದಾರಿಯೇ ಇರಬಾರದು. ಕಾಗದ, ಪೆನ್ನು ಹಿಡಿದು ಅವಳ ಮುಂದೆ ಕೂತೆ.

“ಮೊದಲು ಏನು ಮಾಡ್ತೀಯ?”

“ಪುಸ್ತಕ ತಗೋತೀನಿ.”

“ಆಮೇಲೆ?”

“ಕಟ್ತೀನಿ.”

“ಅವೆರಡರ ಮಧ್ಯೆ ಏನಿದೆ ಅಕ್ಕ?”

ಅವಳು ತುಂಬ ಹೊತ್ತು ಯೋಚಿಸಿದಳು. “ಮಧ್ಯೆ ಮೂವತ್ತೊಂದು ವರ್ಷ ಇದೆ ಮೇಷ್ಟ್ರೇ.”

ನಾನು ಏನಾದರೂ ಹೇಳಿಕೊಡಲು ಹೊರಟಾಗಲೆಲ್ಲ ಮೇಷ್ಟ್ರಾಗುತ್ತೇನೆ. ಉಳಿದಂತೆ ಬರೀ ‘ಏಯ್’.

ಫೆಬ್ರವರಿ 14, ಶನಿವಾರ

ಐದು ವರ್ಷದ ಹಿಂದೆ ಗ್ರಂಥಾಲಯದವರು ಅಕ್ಕನ ಕೆಲಸವನ್ನು ವೀಡಿಯೋ ಮಾಡಿಸಿದ್ದರು, ಹೊಸಬರಿಗೆ ತೋರಿಸಲಿಕ್ಕೆ. ಕೇಳಿ ತರಿಸಿಕೊಂಡೆ. ಐವತ್ತೆರಡು ನಿಮಿಷ. ನಿಲ್ಲಿಸಿ, ಹಿಂದೆ ಓಡಿಸಿ, ಒಂದೂ ಬಿಡದೆ ಬರೆದುಕೊಂಡೆ. ನಲವತ್ತೊಂದು ಉಪಕೆಲಸಗಳಾದವು. ನಮ್ಮ ಸಾಫ್ಟ್‌ವೇರಿನಲ್ಲಿ ‘ಕ್ರಮದಂತೆ ಜೋಡಿಸು’ ಎಂಬ ಗುಂಡಿಯಿದೆ. ಒತ್ತಿದರೆ ಪಟ್ಟಿಯಲ್ಲಿ ಮೇಲಿನದರಿಂದ ಕೆಳಗಿನದಕ್ಕೆ ತಾನಾಗಿಯೇ ಬಾಣ ಬೀಳುತ್ತದೆ. ಒತ್ತಿದೆ. ನಲವತ್ತು ಬಾಣಗಳು ಒಂದೇ ಉಸಿರಿಗೆ ಸಾಲಾಗಿ ನಿಂತವು.

ವೀಡಿಯೋದಲ್ಲಿರುವ ಹೆಂಗಸು ಒಮ್ಮೆಯೂ ಕೈಯ ಕಡೆ ನೋಡುವುದಿಲ್ಲ. ಕ್ಯಾಮೆರಾ ಹಿಡಿದವನಿಗೆ ಏನೋ ಬಯ್ಯುತ್ತ ಹೊಲಿಯುತ್ತಿರುತ್ತಾಳೆ. ಧ್ವನಿ ಇಲ್ಲ. ಏನು ಬಯ್ಯುತ್ತಿದ್ದಳೆಂದು ಅಕ್ಕನನ್ನು ಕೇಳಿದೆ. “ಬೆಳಕಿಗೆ ಅಡ್ಡ ನಿಂತಿದ್ದ, ಕತ್ತೆ” ಎಂದಳು. ಅದು ನೆನಪಿದೆ.

ಫೆಬ್ರವರಿ 17, ಮಂಗಳವಾರ

ಆಫೀಸಿನಲ್ಲಿ ಇವತ್ತು ಒಂದು ಪ್ರಶ್ನೆ ಎದ್ದಿತು. ಒಂದನೇ ಕೆಲಸ ಮುಗಿದಿದೆ, ಅದನ್ನು ನಂಬಿ ಎರಡನೆಯದೂ ಮುಗಿದಿದೆ. ಈಗ ಬಳಕೆದಾರ ಹಿಂದಕ್ಕೆ ಹೋಗಿ ಒಂದನೆಯದು ಮುಗಿದಿಲ್ಲ ಎಂದು ತಿದ್ದುತ್ತಾನೆ. ಆಗ ಎರಡನೆಯದರ ಗತಿಯೇನು? ಮುಗಿದದ್ದು ಮುಗಿದಂತೆಯೇ, ಅಥವಾ ಅದೂ ಬಿಚ್ಚಿಕೊಳ್ಳಬೇಕೇ?

ನಮ್ಮ ತಂಡದ ಮುಖ್ಯಸ್ಥೆ ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಡೆಡ್‌ಲೈನ್’ ಎನ್ನುತ್ತಾರೆ. ಅವಳಿಗೂ ಗೊತ್ತು.

“ಸರ್, ಮುಗಿದಿದ್ದು ಮುಗೀತು. ಯಾರು ಹಿಂದೆ ಹೋಗಿ ನೋಡ್ತಾರೆ?”

“ತಳಪಾಯ ಹಾಕಿಲ್ಲ ಅಂತ ಆಮೇಲೆ ಗೊತ್ತಾದ್ರೆ, ಮೇಲಿನ ಮನೆ ಮುಗಿದಿದೆ ಅನ್ನೋಕಾಗುತ್ತಾ?”

“ಮನೆ ನಿಂತಿದ್ಯಾ?”

“ನಿಂತಿದೆ ಅಂದ್ಕೊಳ್ಳಿ.”

“ಹಾಗಾದ್ರೆ ತಳಪಾಯ ಬೇಕಾಗೇ ಇರ್ಲಿಲ್ಲ ಸರ್. ನೀವು ಬಾಣ ಸುಮ್ಮನೆ ಎಳೆದಿದ್ರಿ.”

ಎಲ್ಲರೂ ನಕ್ಕರು. ನಾನು ಟಿಪ್ಪಣಿಯಲ್ಲಿ ‘ಬಾಕಿ’ ಎಂದು ಬರೆದುಕೊಂಡೆ.

ಫೆಬ್ರವರಿ 22, ಭಾನುವಾರ

ಊಟದ ಮೇಜಿನ ಮೇಲೆ ಹಳೆಯ ಹಾಸು ಹಾಸಿ ಅದನ್ನೇ ಬೈಂಡಿಂಗ್ ಮೇಜು ಮಾಡಿದೆ. ಬಿಳಿ ಹಾಳೆ, ರಟ್ಟು, ಸೂಜಿ ದಾರ, ಅಂಟಿನ ಡಬ್ಬಿ. ಗ್ರಂಥಪಾಲಕರು ಪುಸ್ತಕವನ್ನು ಒತ್ತಿ ಹಿಡಿಯುವ ಒಂದು ಚಿಕ್ಕ ಪ್ರೆಸ್ಸು ಮತ್ತು ಅಂಚು ಕತ್ತರಿಸುವ ಕತ್ತಿಯನ್ನು ಎರವಲು ಕೊಟ್ಟಿದ್ದಾರೆ. ಎದುರಿಗೆ ಟ್ಯಾಬು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಶುರು.

ಮೊದಲ ಹದಿನಾರು ಉಪಕೆಲಸಗಳು ಒಂದೂ ತಪ್ಪಿಲ್ಲದೆ ಆದವು. ಹಾಳೆಗಳನ್ನು ಮಡಿಸಿ ಫಾರಂ ಮಾಡಿದಳು. ಒಂದು ಮಡಿಕೆಯ ಕಟ್ಟಿಗೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಹೊಲಿದಳು. ಬೆನ್ನಿಗೆ ಅಂಟು ಹಚ್ಚಿದಳು. ಪ್ರತಿ ಸಲ ಟ್ಯಾಬಿನಲ್ಲಿ ಒಂದು ಗುರುತು, ಮುಂದಿನ ಸಾಲು ಬೂದಿನಿಂದ ಕಪ್ಪಿಗೆ. ನನಗೆ ಒಳಗೊಳಗೇ ಹೆಮ್ಮೆ. ಹದಿನೇಳನೆಯದು ‘ಅಂಟು ಒಣಗಲಿ, ನಲವತ್ತು ನಿಮಿಷ’. ಅವಳು ಕೂತಳು. ನಾನು ಹಾಲು ತರಲು ಹೋದೆ, ದಾರಿಯಲ್ಲಿ ಕೆಳಮನೆಯವರು ಸಿಕ್ಕಿದರು, ಮಾತು ಬೆಳೆಯಿತು.

ಬಂದು ನೋಡಿದರೆ ಹನ್ನೆರಡೂ ಕಾಲು. ಅಕ್ಕ ತೊಡೆಯ ಮೇಲೆ ಕೈಯಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದಳು. ಟ್ಯಾಬಿನ ಪರದೆ ಆರಿ ಕಪ್ಪಾಗಿತ್ತು. ಅಂಟು ಯಾವಾಗಲೋ ಒಣಗಿ ಕಲ್ಲಾಗಿತ್ತು.

“ಯಾಕಕ್ಕ, ಹಾಗೇ ಕೂತಿದೀಯ?”

“ನಿನ್ನ ಹಲಗೆ ಕಾಯಿ ಅಂತು. ಕಾಯ್ತಿದೀನಿ.”

“ಅದು ಆಫ್ ಆಗಿದೆ.”

“ಆಫ್ ಆದ್ರೆ ಏನ್ಮಾಡ್ಬೇಕು ಅಂತ ಅದರಲ್ಲಿ ಬರೆದಿರ್ಲಿಲ್ವಲ್ಲ.”

ಎರಡು ಗಂಟೆ. ಬರೆಯುವಾಗ ಆ ಎರಡು ಗಂಟೆಯ ಕುರ್ಚಿ ಕಣ್ಣ ಮುಂದೆ ಬರುತ್ತದೆ. ಬೇರೆ ಏನಾದರೂ ಬರೆಯಬೇಕು. ಪರದೆ ಆರದಂತೆ ಮಾಡುವ ವ್ಯವಸ್ಥೆ ಬೇಕು.

ಫೆಬ್ರವರಿ 25, ಬುಧವಾರ

ವಾರಕ್ಕೊಮ್ಮೆ ಮನೆಗೆ ಬರುವ ಥೆರಪಿಸ್ಟ್ ಹುಡುಗಿ ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಹನ್ನೆರಡನೇ ಸಾಲಿನಲ್ಲಿ ನಿಂತಳು.

“ಸರ್, ಇದೇನಿದು? ‘ಕನ್ನಡಕ ಒರೆಸು’?”

“ವೀಡಿಯೋದಲ್ಲಿ ಮಾಡ್ತಾರಲ್ಲ. ಹೊಲಿಗೆ ಮುಗಿಸಿ, ಅಂಟಿಗೆ ಕೈ ಹಾಕೋ ಮುಂಚೆ.”

“ಅಂದ್ರೆ ಕನ್ನಡಕ ಒರೆಸದಿದ್ರೆ ಅಂಟು ಹಚ್ಚೋ ಹಾಗಿಲ್ಲ?”

ಅಕ್ಕ ಒಳಗಿನಿಂದಲೇ ಕೂಗಿದಳು: “ಇಲ್ಲಮ್ಮ. ಮೇಷ್ಟ್ರ ಅಪ್ಪಣೆ. ನಾನು ಕನ್ನಡಕ ಹಾಕಿರ್ಲಿಲ್ಲ, ಹೋಗಿ ತಂದು, ಒರೆಸಿ, ತೆಗೆದಿಟ್ಟೆ.”

ಥೆರಪಿಸ್ಟ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ಇಳಿದ ಮೇಲೆ ಕೇಳಿದಳು: “ರಟ್ಟು ಕತ್ತರಿಸೋದು ಹದಿನೆಂಟರಲ್ಲಿದೆ, ಅಂಟು ಒಣಗಿದ ಮೇಲೆ. ಅಂಟು ಒಣಗೋವಾಗಲೇ ಕತ್ತರಿಸಿದ್ರೆ ಏನಾಗುತ್ತೆ?”

ನನಗೆ ಗೊತ್ತಿರಲಿಲ್ಲ. ವೀಡಿಯೋದಲ್ಲಿ ಹಾಗಿರಲಿಲ್ಲ, ಅಷ್ಟೇ. ಬಹುಶಃ ಒಣಗುವ ನಲವತ್ತು ನಿಮಿಷವನ್ನು ಅವರು ಕತ್ತರಿಸಿ ತೆಗೆದಿರಬೇಕು. ಆ ನಲವತ್ತು ನಿಮಿಷ ಅಕ್ಕ ಏನು ಮಾಡಿದಳೋ ಯಾರು ಕಂಡರು.

“ಒಂದರ ಹಿಂದೆ ಒಂದು ನಡೆದಿದ್ದನ್ನ ನೀವು ಬರ್ದಿದೀರಿ ಸರ್” ಎಂದಳು ಹೋಗುವಾಗ. “ಒಂದಕ್ಕೆ ಇನ್ನೊಂದು ಬೇಕೇ ಬೇಕು ಅನ್ನೋದು ಬೇರೆ ಅಲ್ವಾ?”

ಇಪ್ಪತ್ತೆರಡು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ನಲವತ್ತು ಬಾಣಗಳಲ್ಲಿ ನಿಜವಾದ ಬಾಣ ಯಾವುದು, ಸುಮ್ಮನೆ ನೆರೆಹೊರೆ ಯಾವುದು? ನೋಡಿದರೆ ಎರಡೂ ಒಂದೇ ಥರ ಇವೆ.

ಮಾರ್ಚ್ 1, ಭಾನುವಾರ

ಬಾಣ ನಿಜವೋ ಸುಳ್ಳೋ ತಿಳಿಯಲು ಪರೀಕ್ಷಕನಿಗೆ ಗೊತ್ತಿರುವ ದಾರಿ ಒಂದೇ, ಅದನ್ನು ಮುರಿದು ನೋಡುವುದು.

“ಅಕ್ಕ, ಇವತ್ತು ಒಂದು ಪುಸ್ತಕ ಹಾಳು ಮಾಡೋಣ.”

“ಅದನ್ನ ನಿನಗೆ ಹೇಳಿಕೊಡಬೇಕಾ? ನನ್ನ ಪಠ್ಯಪುಸ್ತಕ ಒಂದನ್ನೂ ಉಳಿಸಿದವನಲ್ಲ ನೀನು.”

ಅವಳನ್ನು ಪಕ್ಕದ ಕೋಣೆಗೆ ಕಳಿಸಿ ನಾನೇ ಕೂತೆ. ಫಾರಂಗಳನ್ನು ಹೊಲಿಯದೆ, ಬಿಡಿಬಿಡಿಯಾಗಿ ಕತ್ತಿಗೆ ಕೊಟ್ಟು ಅಂಚು ಕತ್ತರಿಸಿದೆ. ಆಮೇಲೆ ಹೊಲಿದೆ. ನನ್ನ ಹೊಲಿಗೆ ಹೇಗಿತ್ತೆಂದು ಬರೆಯುವುದು ಬೇಡ. ಕರೆದು ಅವಳ ಕೈಗೆ ಕೊಟ್ಟೆ, ಏನು ಮಾಡಿದೆನೆಂದು ಹೇಳಲಿಲ್ಲ.

ಅವಳು ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದಳು. ಎರಡನೇ ಸಲ ಬೇಕಾಗಲಿಲ್ಲ.

“ಯಾರೋ ಇದನ್ನ ಬಿಡಿಯಾಗಿ ಕತ್ತರಿಸಿದಾರೆ. ನೋಡು, ಹಲ್ಲು ಹಲ್ಲಾಗಿ ಮೇಲೆ ಕೆಳಗೆ ನಿಂತಿದೆ.”

“ಹಾಗಾದ್ರೆ ಹೊಲಿಯೋದು ಮೊದಲೋ ಕತ್ತರಿಸೋದು ಮೊದಲೋ?”

ಅವಳ ಮುಖ ಮುಚ್ಚಿಕೊಂಡಿತು. ಅಂಗಡಿಯ ಬಾಗಿಲು ಎಳೆದ ಹಾಗೆ. “ಗೊತ್ತಿಲ್ಲ ಕಣೋ.”

ಬೇರೆ ಥರ ಕೇಳಿದೆ: “ಈ ಪುಸ್ತಕ ಕತ್ತಿಯ ಕೆಳಗೆ ಹೋದಾಗ ಇದರ ಹತ್ರ ಏನಿರ್ಲಿಲ್ಲ?”

“ದಾರ” ಎಂದಳು, ಯೋಚಿಸದೆ.

ಇನ್ನೊಂದು ಮಾಡಿದೆ. ಬೆನ್ನಿಗೆ ಅಂಟು ಹಚ್ಚಿ ಒಣಗಿಸಿ, ಅದರ ಮೇಲೆ ಹೊಲಿಯಲು ಹೋದೆ. ಸೂಜಿ ಮುರಿಯಿತು. “ಇದಕ್ಕೆ ಏನು ಕೊರತೆ?” “ಇದಕ್ಕೆ ಕೊರತೆ ಇಲ್ಲ, ಅಂಟು ಜಾಸ್ತಿ ಇದೆ. ಸೂಜಿ ಹೋಗೋ ದಾರೀಲಿ ಗೋಡೆ ಕಟ್ಟಿದೀಯ.” ಮೂರನೆಯದಕ್ಕೆ ಹಸಿ ಬೆನ್ನಿನ ಮೇಲೇ ರಟ್ಟು ಕೂರಿಸಿದೆ. ಅವಳು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, “ಪಾಪ, ಸೊಂಟ ತಿರುಚಿಕೊಂಡಿದೆ” ಎಂದಳು. “ಒಣಗೋಕೆ ಬಿಟ್ಟಿಲ್ಲ.” ನಾಲ್ಕನೆಯದನ್ನು ನಾನು ಬೇಕೆಂದು ಹಾಳು ಮಾಡಲಿಲ್ಲ, ನಾಲ್ಕೂ ಕಡೆ ಕತ್ತರಿಸಿಬಿಟ್ಟಿದ್ದೆ. ಮಡಿಕೆಯೇ ಹೋಗಿ ಪುಸ್ತಕ ಬಿಡಿ ಹಾಳೆಗಳ ರಾಶಿಯಾಗಿ ನೆಲದ ತುಂಬ ಹರಡಿತು. ಅಕ್ಕ ಕುರ್ಚಿಯ ಕೈ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲು.

ಇದು ವಿಚಿತ್ರ. ಮುಂದೆ ಏನು ಎಂದು ಕೇಳಿದರೆ ಅವಳಲ್ಲಿ ಉತ್ತರವಿಲ್ಲ. ಇದಕ್ಕೆ ಏನಿಲ್ಲ ಎಂದು ಕೇಳಿದರೆ ತಕ್ಷಣ ಇದೆ. ಒಂದೇ ಬಾಣ. ತುದಿಯಿಂದ ಬುಡಕ್ಕೆ ಹೋಗಲು ಬರುತ್ತದೆ, ಬುಡದಿಂದ ತುದಿಗೆ ಬರುವುದಿಲ್ಲ. ಇಷ್ಟು ದಿನ ನಾನು ಅವಳನ್ನು ತಪ್ಪು ತುದಿಯಲ್ಲಿ ನಿಲ್ಲಿಸಿ ತಳ್ಳುತ್ತಿದ್ದೆ.

ಮಾರ್ಚ್ 7, ಶನಿವಾರ

ಕಿಟಕಿಯ ಕಟ್ಟೆಯ ಮೇಲೆ ಹಾಳಾದ ಪುಸ್ತಕಗಳು ಹದಿಮೂರು. ಪ್ರತಿಯೊಂದಕ್ಕೂ ಅಕ್ಕ ಒಂದು ಹೆಸರಿಟ್ಟಿದ್ದಾಳೆ: ಗೂನ, ಹಲ್ಲುಬ್ಬ, ಬಾಯಿಬಡುಕ (ಮುಚ್ಚಿದರೂ ತೆರೆದುಕೊಳ್ಳುವುದು), ಸಂಕೋಚದವನು (ತೆರೆದರೂ ಮುಚ್ಚಿಕೊಳ್ಳುವುದು).

ನಲವತ್ತು ಬಾಣಗಳಲ್ಲಿ ಉಳಿದವು ಒಂಬತ್ತು. ಮೂವತ್ತೊಂದನ್ನು ಅಳಿಸಿದೆ. ಒಂಬತ್ತನ್ನು ಬಿಟ್ಟು ಉಳಿದದ್ದೆಲ್ಲ ಯಾವಾಗ ಬೇಕಾದರೂ ಆಗಬಹುದಾದದ್ದು. ರಟ್ಟು ಅಂಟಿಗೆ ಕಾಯಬೇಕಿಲ್ಲ. ರಟ್ಟಿನ ಮೇಲೆ ಹೊದಿಸುವ ಬಟ್ಟೆ ದಾರಕ್ಕೆ ಕಾಯಬೇಕಿಲ್ಲ. ಬೆನ್ನಿಗೆ ಕೂರಿಸುವ ರಟ್ಟಿನ ಪಟ್ಟಿ ಮಾತ್ರ ಹೊಲಿಗೆಗೆ ಕಾಯಲೇಬೇಕು, ಹೊಲಿದ ಮೇಲಲ್ಲವೆ ದಪ್ಪ ತಿಳಿಯುವುದು. ಕೆಲಸಗಳ ಪಟ್ಟಿ ಸಾಲಿನಂತಿಲ್ಲ ಈಗ. ನೆಲದ ಮೇಲೆ ಚೆಲ್ಲಿದ ಹಾಗಿದೆ, ಅಲ್ಲಲ್ಲಿ ಎರಡು ಮೂರು ಒಂದನ್ನೊಂದು ಹಿಡಿದುಕೊಂಡಿವೆ.

ಅಕ್ಕ ಪ್ರತಿ ವಸ್ತುವನ್ನೂ ಕೈಗೆತ್ತಿಕೊಂಡು ಗದರುತ್ತಾಳೆ: “ನಿನ್ನ ಹತ್ರ ಏನಿಲ್ಲ? ಹೇಳು.” ಉತ್ತರ ಸಿಕ್ಕರೆ ಕೆಳಗಿಟ್ಟು ಅದನ್ನು ಹುಡುಕುತ್ತಾಳೆ. ಏನೂ ಕೊರತೆಯಿಲ್ಲದಿದ್ದರೆ ಮಾಡಿಬಿಡುತ್ತಾಳೆ. ನಿಧಾನ. ಆದರೆ ನಿಲ್ಲುವುದಿಲ್ಲ. ಬೂಟಿಗೂ ಇದನ್ನೇ ಕೇಳುತ್ತಾಳಂತೆ.

ಮಧ್ಯಾಹ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಬಾಯಿ ಇನ್ನೂ ಜೋಮು.

ಮಾರ್ಚ್ 10, ಮಂಗಳವಾರ

‘ಕ್ರಮದಂತೆ ಜೋಡಿಸು’ ಗುಂಡಿಯ ಮೇಲೆ ದೋಷದ ವರದಿ ಬರೆದೆ.

ಡೆಡ್‌ಲೈನ್ ನನ್ನ ಮೇಜಿನ ಹತ್ತಿರವೇ ಬಂದಳು. “ಸರ್, ಆ ಗುಂಡಿ ಸರಿಯಾಗೇ ಕೆಲಸ ಮಾಡ್ತಿದೆ.”

“ಹೌದು. ಅದೇ ತೊಂದರೆ.”

“ಅರ್ಥ ಆಗ್ಲಿಲ್ಲ.”

“ಜನ ಪಟ್ಟಿಯನ್ನ ನೆನಪಾದ ಹಾಗೆ ಬರೀತಾರೆ. ನಾವು ಅದನ್ನ ನಿಯಮ ಮಾಡಿ ಅವರಿಗೇ ವಾಪಸ್ ಕೊಡ್ತೀವಿ. ಬಾಣ ಎಳೆಯೋ ಮುಂಚೆ ಒಂದು ಪ್ರಶ್ನೆ ಕೇಳೋಣ. ಇದಿಲ್ಲದೆ ಅದನ್ನ ಮಾಡಿದ್ರೆ ಏನು ಕೆಡುತ್ತೆ? ಏನೂ ಕೆಡದಿದ್ರೆ ಬಾಣ ಬೇಡ.”

“ಪ್ರತಿ ಬಾಣಕ್ಕೂ ಕೇಳಿದ್ರೆ ಬಳಕೆದಾರರು ನಮ್ಮನ್ನ ಬಿಟ್ಟು ಓಡಿಹೋಗ್ತಾರೆ ಸರ್.”

“ಓಡ್ಲಿ ಬಿಡಿ. ಕೂತಿರೋದಕ್ಕಿಂತ ವಾಸಿ.”

“ನಿಮಗೆ ಏನಾಗಿದೆ ಸರ್ ಈಚೆಗೆ?” ಎಂದಳು. ಏನೂ ಆಗಿಲ್ಲ. ವರದಿಯನ್ನು ಮುಂದಿನ ಸಭೆಗೆ ಹಾಕಿಕೊಂಡಿದ್ದಾಳೆ.

ಮಾರ್ಚ್ 15, ಭಾನುವಾರ

ಕೆಟ್ಟ ದಿನ. ಇಡೀ ಪುಸ್ತಕವನ್ನು ಟ್ಯಾಬಿಲ್ಲದೆ, ನನ್ನ ಮಾತಿಲ್ಲದೆ ಮಾಡಬೇಕೆಂದು ಕೂತಿದ್ದಳು. ಅರ್ಧಕ್ಕೆ ಏನೋ ಕಳಚಿತು. ಕೈಯಲ್ಲಿ ಬಟ್ಟೆ ಹಿಡಿದುಕೊಂಡು, “ನಿನ್ನ ಹತ್ರ ಏನಿಲ್ಲ, ನಿನ್ನ ಹತ್ರ ಏನಿಲ್ಲ” ಎಂದು ಐದಾರು ಸಲ ಕೇಳಿದಳು. ಬಟ್ಟೆ ಉತ್ತರ ಕೊಡಲಿಲ್ಲ. ಮಡಿಕೆ ತೀಡುವ ಪಟ್ಟಿಯನ್ನು ಗೋಡೆಗೆ ಎಸೆದಳು.

“ಫೋನ್ ಮಾಡಿ ಹೇಳಿಬಿಡು ಅವರಿಗೆ. ಸೀಲು ಹಾಕ್ತೀನಿ. ಠಪ್ ಠಪ್. ನಾಯಿಗೂ ಕಲಿಸಬಹುದು ಅದನ್ನ.”

ಫೋನ್ ಮಾಡಲಿಲ್ಲ. ಮೇಜಿನ ಇನ್ನೊಂದು ಬದಿಗೆ ಕೂತು ಒಂದು ಹಾಳೆ ಮಡಿಸಿದೆ. ಇನ್ನೊಂದು. ಏಳೋ ಎಂಟೋ ಮಡಿಸಿದ ಮೇಲೆ ಅವಳ ಕೈ ಬಂದು ನನ್ನ ಹಾಳೆಯನ್ನು ಕಿತ್ತುಕೊಂಡಿತು.

“ಹಾಗಲ್ಲ ಕಣೋ. ಕಾಗದಕ್ಕೂ ನಾರು ಇರುತ್ತೆ. ಅದರ ಉದ್ದಕ್ಕೆ ಮಡಿಸ್ಬೇಕು, ಅಡ್ಡಕ್ಕಲ್ಲ. ನೋಡಿಲ್ಲಿ, ಹರಿದು ನೋಡು.”

ಹರಿದು ನೋಡಿದೆ. ಒಂದು ಕಡೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಸೊಟ್ಟಗೆ, ತನಗಿಷ್ಟ ಬಂದ ಹಾಗೆ. ಐವತ್ತು ವರ್ಷ ಕಾಗದ ಮುಟ್ಟಿದ್ದೇನೆ, ಇದು ತಿಳಿದಿರಲಿಲ್ಲ. ಆಫೀಸಿನ ಕಾಗದ, ದಿನಪತ್ರಿಕೆ, ಸೋಪಿನ ಪೆಟ್ಟಿಗೆ, ಈ ದಿನಚರಿಯ ಹಿಂದಿನ ಖಾಲಿ ಪುಟ ಎಲ್ಲವನ್ನೂ ಹರಿದು ನೋಡಿದೆವು. ಎಲ್ಲಕ್ಕೂ ನಾರಿದೆ. ಸಂಜೆಯವರೆಗೆ ಅದೇ ಆಯಿತು. ನಡುವೆ ಯಾವಾಗಲೋ ಅವಳು ಆ ಪುಸ್ತಕವನ್ನು ಮುಗಿಸಿದ್ದಳು. ಎಷ್ಟು ಹೊತ್ತಿಗೆ ಎಂದು ನೋಡಲಿಲ್ಲ.

ಮಾರ್ಚ್ 18, ಬುಧವಾರ

ನಾಳೆ. ಟ್ಯಾಬು ತೆಗೆದುಕೊಂಡು ಹೋಗಲು ಗ್ರಂಥಪಾಲಕರು ಒಪ್ಪಿದ್ದಾರೆ. ಅಕ್ಕ ಬೇಡವೆಂದಳು. “ಅದು ನಿನ್ನ ಹತ್ರಾನೇ ಇರ್ಲಿ. ನಿನಗೇ ಜಾಸ್ತಿ ಬೇಕು.”

ಊರು ಬಿಟ್ಟು ಹೋದ ಗೆಳೆಯನ ಜೊತೆ ಸಂಜೆ ಒಂದು ಗಂಟೆ ಮಾತಾಡಿದೆ. ಅವನೂ ಕಾಗದ ಹರಿದು ನೋಡುತ್ತಾನಂತೆ.

ಮಾರ್ಚ್ 19, ಗುರುವಾರ

ಬೈಂಡಿಂಗ್ ಕೋಣೆ ನೆಲಮಾಳಿಗೆಯಲ್ಲಿದೆ. ಎತ್ತರದಲ್ಲಿ ಒಂದು ಉದ್ದನೆಯ ಕಿಟಕಿ, ಅದರಲ್ಲಿ ರಸ್ತೆಯಲ್ಲಿ ನಡೆಯುವವರ ಪಾದಗಳು ಮಾತ್ರ ಕಾಣುತ್ತವೆ. ಗೋಡೆಯ ಪಕ್ಕ ಮೂರು ಕುರ್ಚಿ: ಗ್ರಂಥಪಾಲಕರಿಗೆ, ಥೆರಪಿಸ್ಟಿಗೆ, ನನಗೆ. ಮಾತಾಡಬಾರದೆಂದು ನನಗೆ ಮೊದಲೇ ಹೇಳಿದ್ದರು. ಗ್ರಂಥಪಾಲಕರ ತೊಡೆಯ ಮೇಲೆ ಒಂದು ಫಾರ್ಮು. ಅದರಲ್ಲಿ ಒಂದೇ ಪ್ರಶ್ನೆ ದಪ್ಪ ಅಕ್ಷರದಲ್ಲಿ: ಸಹಾಯವಿಲ್ಲದೆ ಪೂರ್ಣಗೊಳಿಸಿದರೇ? ಹೌದು, ಇಲ್ಲ.

ಪುಸ್ತಕ ಹಕ್ಕಿಗಳ ಬಗೆಗಿನದು. ಹಳೆಯದು, ರಟ್ಟು ಕಿತ್ತು ನೇತಾಡುತ್ತಿತ್ತು. ಒಂಬತ್ತು ಗಂಟೆಗೆ ಅಕ್ಕನ ಕೈಗೆ ಕೊಟ್ಟರು. ಅವಳು ರಟ್ಟನ್ನು ಬಿಡಿಸಿದಳು, ಬೆನ್ನಿನ ಹಳೆಯ ಅಂಟು ಕೆರೆದಳು. ಅಷ್ಟೇ. ಆಮೇಲೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಅದರ ಬೆನ್ನನ್ನೇ ನೋಡುತ್ತ ನಿಂತುಬಿಟ್ಟಳು.

ಹತ್ತು ನಿಮಿಷ. ಹದಿನೈದು. ಗ್ರಂಥಪಾಲಕರು ಗಡಿಯಾರ ನೋಡಿದರು, ತಮ್ಮ ನೋಟವನ್ನು ನಾನು ಕಂಡೆನೆಂದು ಗೊತ್ತಾಗಿ ಮುಜುಗರಪಟ್ಟರು. ಥೆರಪಿಸ್ಟ್ ಪೆನ್ನಿನ ತುದಿ ಕಚ್ಚುತ್ತಿದ್ದಳು. ಅಕ್ಕ ಒಂದು ಕಡೆ ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ಅದೇ ಕಡೆ ತೆರೆಯುತ್ತಾಳೆ. ನಾನು ಎರಡೂ ಕೈಗಳನ್ನು ಮಂಡಿಯ ನಡುವೆ ಇಟ್ಟು ಒತ್ತಿಕೊಂಡಿದ್ದೆ. ಕಿಟಕಿಯಲ್ಲಿ ಕೆಂಪು ಚಪ್ಪಲಿಯವರೊಬ್ಬರು ಹೋದರು. ಯಾರಿಗೋ ಕಾಯುವವರಂತೆ ನಿಂತರು, ಮತ್ತೆ ಹೋದರು.

“ಇಲ್ಲಿ ದಾರ ಯಾರನ್ನೂ ಹಿಡಿದಿಲ್ಲ” ಎಂದಳು ಅಕ್ಕ.

ಗ್ರಂಥಪಾಲಕರು ಮೃದುವಾಗಿ, ಮಕ್ಕಳ ಜೊತೆ ಮಾತಾಡುವ ಹಾಗೆ ಕೇಳಿದರು: “ಏನಮ್ಮ? ಸುಸ್ತಾಯ್ತಾ? ಸ್ವಲ್ಪ ಕೂತ್ಕೊಳ್ಳಿ ಬೇಕಾದ್ರೆ.”

“ಸುಸ್ತಲ್ಲ ಸಾರ್. ಬನ್ನಿ ಇಲ್ಲಿ. ನೋಡಿ, ಎಲ್ಲಾ ಕಡೆ ದಾರ ಮಡಿಕೆಯ ಒಳಗಿಂದ ಬಂದಿದೆ. ಇಲ್ಲಿ ಒಂದು ಸುತ್ತು ಖಾಲಿ. ಒಳಗೆ ಕಾಗದಾನೇ ಇಲ್ಲ. ಒಂದು ಫಾರಂ ಬಿದ್ದುಹೋಗಿದೆ.”

ಅವರು ಬಗ್ಗಿ ಪುಟದ ಅಂಕಿ ನೋಡಿದರು. ತೊಂಬತ್ತಾರು. ಎದುರಿನ ಪುಟ ನೋಡಿದರು. ನೂರ ಹದಿಮೂರು. ಎರಡನ್ನೂ ಮತ್ತೊಮ್ಮೆ ನೋಡಿದರು, ಅಂಕಿಗಳು ಈ ನಡುವೆ ಮನಸ್ಸು ಬದಲಾಯಿಸಿರಬಹುದು ಎಂಬಂತೆ.

“ನಾನೇ ಆರಿಸಿದ ಪುಸ್ತಕ” ಎಂದರು. “ನೋಡ್ಲೇ ಇಲ್ಲ. ತಪ್ಪಾಯ್ತು. ಇವತ್ತು ಬೇಡ ಬಿಡಿ, ಬೇರೆ ಪುಸ್ತಕ ಕೊಟ್ಟು ಇನ್ನೊಂದು ದಿನ...”

“ಬೇರೆ ಯಾಕೆ ಸಾರ್? ಇದರದ್ದೇ ಇನ್ನೊಂದು ಪ್ರತಿ ಮೇಲಿನ ಮಹಡೀಲಿ ಇರ್ಬೇಕು. ಆ ಹದಿನಾರು ಪುಟ ಝೆರಾಕ್ಸ್ ಮಾಡಿಸಿಕೊಂಡು ಬನ್ನಿ.”

ಗ್ರಂಥಪಾಲಕರು ಥೆರಪಿಸ್ಟನ್ನು ನೋಡಿದರು. ಥೆರಪಿಸ್ಟ್ ಭುಜ ಹಾರಿಸಿದಳು. ಅವರು ಫಾರ್ಮನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಹತ್ತಿದರು.

ಅಕ್ಕ ಕೂರಲಿಲ್ಲ. ಪುಸ್ತಕವನ್ನು ಪಕ್ಕಕ್ಕಿಟ್ಟು ಒಂದೊಂದೇ ವಸ್ತುವನ್ನು ಎತ್ತಿಕೊಂಡಳು. ತುಟಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಹರಿದ ಮಡಿಕೆಗಳಿಗೆ ತೆಳು ಕಾಗದ ಅಂಟಿಸಿದಳು. ರಟ್ಟನ್ನು ಪುಟದ ಅಳತೆಗೆ ಎರಡು ತುಂಡು ಕತ್ತರಿಸಿದಳು. ಬೆನ್ನಿನ ಪಟ್ಟಿಯನ್ನು ಕೈಗೆತ್ತಿಕೊಂಡಳು, ಕತ್ತರಿಯವರೆಗೆ ತಂದಳು, ನಿಲ್ಲಿಸಿದಳು, ಕೆಳಗಿಟ್ಟಳು. ಹೊಲಿಗೆ ಇನ್ನೂ ಆಗಿರಲಿಲ್ಲವಲ್ಲ.

ಗ್ರಂಥಪಾಲಕರು ಬೆವರೊರೆಸಿಕೊಂಡು ಬಂದು ಹದಿನಾರು ಹಾಳೆ ಕೊಟ್ಟರು. ಒಂದು ಮಗ್ಗುಲು ಮಾತ್ರ ಅಚ್ಚಾಗಿತ್ತು.

“ಇದನ್ನ ಅಂಟಿಸಬಹುದು, ಹೊಲಿಯೋಕಾಗಲ್ಲ ಸಾರ್. ಎರಡೂ ಮಗ್ಗುಲು ಬೇಕು. ಹಾಳೆ ನಡುವೆ ಮಡಿಸಿದಾಗ ಪುಟ ಸಾಲಾಗಿ ಬರ್ಬೇಕು.”

“ಅದು ಹೇಗಮ್ಮ?”

ಅಕ್ಕ ಒಂದು ಖಾಲಿ ಹಾಳೆ ಮಡಿಸಿ, ಅಂಕಿ ಬರೆದು, ಬಿಚ್ಚಿ ಅವರ ಕೈಗೆ ಕೊಟ್ಟಳು. ಅವರು ಅದನ್ನು ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿದರು. ಎರಡನೇ ಸಲ ಒಂದು ಮಗ್ಗುಲು ತಲೆಕೆಳಗಾಗಿ ಬಂದಿತ್ತು. ಮೂರನೇ ಸಲ ಸರಿಯಾಯಿತು. “ಮೂವತ್ತು ವರ್ಷದಿಂದ ಪುಸ್ತಕಗಳ ನಡುವೆ ಇದೀನಿ” ಎಂದು ನನ್ನ ಪಕ್ಕ ಕೂತು ಪಿಸುಗುಟ್ಟಿದರು, “ಒಳಗೆ ಹೀಗಿರುತ್ತೆ ಅಂತ ನೋಡೇ ಇರ್ಲಿಲ್ಲ.” ಅವರ ಕೈಯಲ್ಲಿ ಅಕ್ಕ ಬರೆದುಕೊಟ್ಟ ಹಾಳೆ ಇನ್ನೂ ಇತ್ತು. ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು.

ಹೊಲಿಗೆ. ಅಂಟು. ಝೆರಾಕ್ಸ್ ಕಾಗದ ದಪ್ಪವಾದ್ದರಿಂದ ಬೆನ್ನು ಸ್ವಲ್ಪ ಉಬ್ಬಿತು. ಅದನ್ನು ಅಳೆದೇ ಪಟ್ಟಿ ಕತ್ತರಿಸಿದಳು. ಬಟ್ಟೆ, ರಟ್ಟು. ನಾಲ್ಕೂವರೆಗೆ ಪುಸ್ತಕ ಪ್ರೆಸ್ಸಿನೊಳಗೆ ಹೋಯಿತು. ಪ್ರೆಸ್ಸಿನ ಹಿಡಿಯನ್ನು ಕೊನೆಯ ಸುತ್ತು ತಿರುಗಿಸುವಾಗ ಅವಳ ಎರಡೂ ಪಾದ ನೆಲದಿಂದ ಮೇಲೆದ್ದವು. ನಾಳೆ ಬೆಳಿಗ್ಗೆ ತೆಗೆಯುವುದು.

ಗ್ರಂಥಪಾಲಕರು ಫಾರ್ಮಿನಲ್ಲಿ ಏನೂ ಬರೆದಿರಲಿಲ್ಲ. ಅವರೇ ಮೂರು ಸಲ ಮೆಟ್ಟಿಲು ಹತ್ತಿದ್ದರಲ್ಲ, ಅದು ಸಹಾಯವಾಯಿತೇ?

ಮಾರ್ಚ್ 20, ಶುಕ್ರವಾರ

ಪ್ರೆಸ್ಸು ಸಡಿಲಿಸಿ ಪುಸ್ತಕ ತೆಗೆದರು. ಗ್ರಂಥಪಾಲಕರು ಅದನ್ನು ಮೇಜಿನ ಮೇಲಿಟ್ಟು ನಡುವೆ ತೆರೆದು ಕೈಬಿಟ್ಟರು. ಅದು ತೆರೆದೇ ಇತ್ತು, ಎರಡು ರೆಕ್ಕೆ ಚಾಚಿ, ಸಮತಟ್ಟಾಗಿ. ತೊಂಬತ್ತೇಳರಿಂದ ಮುಂದಿನ ಪುಟಗಳು ಉಳಿದವಕ್ಕಿಂತ ಬೆಳ್ಳಗಿವೆ. ಅದೊಂದೇ ಗುರುತು.

ಅವರು ಫಾರ್ಮು ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ದಪ್ಪ ಅಕ್ಷರದ ಪ್ರಶ್ನೆಯ ಮೇಲೆ ಪೆನ್ನು ನಿಂತಿತು.

“ಸಹಾಯ ತಗೊಂಡೆ ಅಂತ ಬರೀರಿ ಸಾರ್” ಎಂದಳು ಅಕ್ಕ. “ಸುಳ್ಳು ಯಾಕೆ. ನೀವು ಓಡಾಡಿದ್ರಲ್ಲ.”

ಥೆರಪಿಸ್ಟ್ ಏನೋ ಹೇಳಹೊರಟಳು. ಗ್ರಂಥಪಾಲಕರು ಕೈಯೆತ್ತಿ ತಡೆದರು. ಹೌದು ಎನ್ನುವುದಕ್ಕೂ ಗುರುತು ಹಾಕಲಿಲ್ಲ, ಇಲ್ಲ ಎನ್ನುವುದಕ್ಕೂ ಹಾಕಲಿಲ್ಲ. ಫಾರ್ಮನ್ನು ಮಗುಚಿ ಖಾಲಿ ಬೆನ್ನಿನ ಮೇಲೆ ನಾಲ್ಕು ಸಾಲು ಬರೆದು, ಸಹಿ ಹಾಕಿ, ಅಕ್ಕನ ಮುಂದೆ ಸರಿಸಿದರು. ನಾನು ಭುಜದ ಮೇಲಿನಿಂದ ಓದಿದೆ. ‘ಪುಟ 97ರಿಂದ 112 ಇಲ್ಲವೆಂದು ಕಂಡುಹಿಡಿದವರು ಅವರು. ಹೇಳಿದಂತೆ ತಂದುಕೊಟ್ಟವನು ನಾನು. ಬೈಂಡಿಂಗ್ ಕೋಣೆ ಎಂದಿನಂತೆ ಅವರ ವಶದಲ್ಲಿರುವುದು. ಸೋಮವಾರ ಒಂಬತ್ತು ಗಂಟೆಯಿಂದ.’

ಅಕ್ಕ ಎರಡು ಸಲ ಓದಿದಳು. ಕಾಗದವನ್ನು ನಾರಿನ ಉದ್ದಕ್ಕೆ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಥ್ಯಾಂಕ್ಸ್ ಎನ್ನಬಹುದೆಂದು ನಾನು ಕಾದೆ.

“ಸಾರ್, ದೊಡ್ಡ ಕತ್ತಿ ಮೊಂಡಾಗಿದೆ. ಎರಡು ತಿಂಗಳಿಂದ ಯಾರು ಏನು ಕತ್ತರಿಸಿದಾರೋ. ಮೊದಲು ಅದನ್ನ ಸಾಣೆ ಹಿಡಿಸಿ. ಆಮೇಲೆ ನಾನು ಬರ್ತೀನಿ.”

ಗ್ರಂಥಪಾಲಕರು ಅದನ್ನೂ ಬರೆದುಕೊಂಡರು.